ಹಾಲಿನ ಲೆಕ್ಕ ಬರೆದ ಪುಸ್ತಕ

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮಗಳು ಹುಟ್ಟಿದ ಮೇಲೆ ಸುಮಾರು ಮೂರು ತಿಂಗಳ ಕಾಲ ನಾನು ಬರೆದಿಟ್ಟ ಪುಸ್ತಕವೊಂದು ಈಗಲೂ ಮನೆಯ ಬೀರುವಿನಲ್ಲಿದೆ. ಅದು ಮಕ್ಕಳು ಲೆಕ್ಕ ಮಾಡಲು ಬಳಸುವ ನೂರು ಪುಟದ ಚೌಕುಳಿ ಪುಸ್ತಕ. ದಿನಕ್ಕೊಂದು ಪುಟ, ಎಡಗಡೆ ಮಗು ಹಾಲು ಕುಡಿದ ಹೊತ್ತು, ನಡುವೆ ಯಾವ ಬದಿಯಲ್ಲಿ ಎಂಬುದಕ್ಕೆ ‘ಎ’ ಅಥವಾ ‘ಬ’, ಬಲಗಡೆ ಒದ್ದೆಯಾದ ಬಟ್ಟೆಗೆ ಒಂದೊಂದು ಗೆರೆ. ಇದನ್ನು ನಾನು ಶಿಸ್ತಿನಿಂದ ಆರಂಭಿಸಿದವಳಲ್ಲ, ಭಯದಿಂದ ಆರಂಭಿಸಿದವಳು. ‘ಹಾಲು ಸಾಲ್ತಿಲ್ಲ’ ಎಂಬ ಎರಡು ಪದಗಳನ್ನು ಒಂದೇ ವಾರದಲ್ಲಿ ಹತ್ತಾರು ಬಾಯಿಗಳಿಂದ ಕೇಳಿ, ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅಳುವಿಗಿಂತ ಗಟ್ಟಿಯಾದ ಆಧಾರವೊಂದು ಬೇಕೆನಿಸಿದಾಗ ಹುಟ್ಟಿದ ಪುಸ್ತಕ ಅದು.

ಹೆರಿಗೆ ಆದದ್ದು ಜನವರಿಯ ಕೊನೆಯ ವಾರದಲ್ಲಿ, ತವರಿನ ಹತ್ತಿರದ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ, ಸಿಸೇರಿಯನ್ ಮೂಲಕ. ಮಗು 2 ಕಿಲೋ 900 ಗ್ರಾಂ ಇತ್ತು. ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆಯಾದ್ದರಿಂದ ನನಗೆ ಎಚ್ಚರವಿತ್ತು. ಮಗುವಿನ ಮುಖವನ್ನು ಒಂದು ಕ್ಷಣ ತೋರಿಸಿ ಒಯ್ದರು. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಎಂದು ತಾಯಿ ಕಾರ್ಡಿನ ಪುಟಗಳಲ್ಲಿ ಓದಿಕೊಂಡಿದ್ದೆ. ತಾಯಿಗೆ ಎಚ್ಚರವಿದ್ದು ಇಬ್ಬರೂ ಆರೋಗ್ಯವಾಗಿದ್ದರೆ ಸಿಸೇರಿಯನ್ ಆದವರಿಗೂ ಇದು ಸಾಧ್ಯ ಎಂಬುದು ತಿಳಿದದ್ದು ಆಮೇಲೆ. ನನ್ನ ಮಗು ನನ್ನ ಪಕ್ಕಕ್ಕೆ ಬಂದಾಗ ಏಳು ಗಂಟೆ ಕಳೆದಿತ್ತು, ಅಷ್ಟರಲ್ಲಿ ಅದಕ್ಕೆ ಬಾಟಲಿಯಲ್ಲಿ ಎರಡು ಸಲ ಪುಡಿ ಹಾಲು ಕುಡಿಸಿಯಾಗಿತ್ತು. ನನ್ನನ್ನಾಗಲೀ ಹೊರಗೆ ಕುಳಿತಿದ್ದ ನನ್ನ ಗಂಡನನ್ನಾಗಲೀ ಯಾರೂ ಕೇಳಿರಲಿಲ್ಲ. ‘ನಿಮಗೆ ಇನ್ನೂ ಹಾಲು ಇಳಿದಿಲ್ಲವಲ್ಲ’ ಎಂದಷ್ಟೇ ಹೇಳಿದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ಆದರೆ ಆ ಮಾತು ತಪ್ಪು. ಮೊದಲ ದಿನ ಇಳಿಯುವುದು ಚಮಚದಲ್ಲಿ ಅಳೆಯುವಷ್ಟೇ ಹಾಲು, ಏಕೆಂದರೆ ಮೊದಲ ದಿನದ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾಗಿರುವುದೂ ಒಂದು ಚಮಚದಷ್ಟೇ, ಅಂದರೆ ಐದರಿಂದ ಏಳು ಮಿಲಿಲೀಟರ್. ಮೂವತ್ತು ಮಿಲಿಲೀಟರ್ ಬಾಟಲಿ ಕುಡಿದ ಮಗು ನಿದ್ದೆ ಹೋಯಿತು, ಎದೆಗೆ ಹಾಕಿದರೆ ಬಾಯಿ ತೆರೆಯಲಿಲ್ಲ.

ಮೊದಲ ಹಾಲಿನ ವಿಷಯದಲ್ಲಿ ನಮ್ಮ ಅಜ್ಜಿಯೊಡನೆ ನಡೆದ ಮಾತನ್ನು ಇಲ್ಲಿ ಹೇಳಲೇಬೇಕು. ಎರಡನೆಯ ದಿನ ಹಳದಿಯಾಗಿ, ಅಂಟಂಟಾಗಿ ನಾಲ್ಕು ಹನಿ ಬಂದದ್ದನ್ನು ನೋಡಿ ಅಜ್ಜಿ, ಅದನ್ನು ಹಿಂಡಿ ಚೆಲ್ಲಬೇಕು, ಕೂಸಿಗೆ ಅರಗುವುದಿಲ್ಲ, ಅಲ್ಲಿಯವರೆಗೆ ಜೇನುತುಪ್ಪ ನೆಕ್ಕಿಸೋಣ ಎಂದರು. ನಾನು ಸುಸ್ತಿನಲ್ಲೂ ನಕ್ಕುಬಿಟ್ಟೆ. ಅಜ್ಜಿ ಐವತ್ತು ವರ್ಷ ಹಸು ಕಟ್ಟಿದವರು. ಹಸು ಕರು ಹಾಕಿದ ದಿನ ನಾವು ಮಕ್ಕಳೆಲ್ಲ ಗಿಣ್ಣಿಗಾಗಿ ಪಾತ್ರೆ ಹಿಡಿದು ನಿಂತರೆ, ‘ಮೊದಲು ಕರು ಕುಡೀಲಿ, ಇಲ್ಲದಿದ್ರೆ ಅದು ಏಳಲ್ಲ’ ಎಂದು ಗದರಿ ಓಡಿಸುತ್ತಿದ್ದವರು. ಅದನ್ನೇ ನೆನಪಿಸಿ, ‘ಅಜ್ಜಿ, ಕರುವಿಗೆ ಬೇಕಾದ ಗಿಣ್ಣು ನನ್ನ ಮಗಳಿಗೆ ಬೇಡವೇ?’ ಎಂದು ಕೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ಅದೂ ಸರಿ ಕಣವ್ವ, ಕುಡಿಸು’ ಎಂದರು. ರೋಗ ತಡೆಯುವ ಅಂಶಗಳು ಆ ಹಳದಿ ಹಾಲಿನಲ್ಲಿ ಹೆಚ್ಚಾಗಿರುತ್ತವೆ ಎಂಬ ವೈದ್ಯರ ವಿವರಣೆಗಿಂತ ಕರುವಿನ ಉದಾಹರಣೆ ಅವರಿಗೆ ಬೇಗ ತಲುಪಿತು. ಜೇನುತುಪ್ಪದ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು, ಅದರಲ್ಲಿ ಕೆಲವೊಮ್ಮೆ ಇರುವ ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಕುಂದಿಸುವ ವಿಷವನ್ನು ಉಂಟುಮಾಡಬಹುದು ಎಂದು ಮಕ್ಕಳ ವೈದ್ಯರ ಬಾಯಿಂದಲೇ ಹೇಳಿಸಬೇಕಾಯಿತು.

ನಾಲ್ಕನೆಯ ದಿನ ರಾತ್ರಿ ಹಾಲು ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ ಕಟ್ಟಿತು ಎನ್ನಬೇಕು. ಎರಡೂ ಬದಿ ಕಲ್ಲಿನಂತಾಗಿ, ಕಂಕುಳವರೆಗೆ ಬಿಗಿದು, ಕೈ ಮುಟ್ಟಿಸಲಾಗದ ನೋವು. ಮೊಲೆ ಹೀಗೆ ಬಿಗಿದಾಗ ತೊಟ್ಟು ಚಪ್ಪಟೆಯಾಗಿ ಮಗುವಿನ ಬಾಯಿಗೆ ಸಿಗುವುದಿಲ್ಲ, ಸಿಗದಿದ್ದರೆ ಹಾಲು ಹೊರಗೆ ಹೋಗುವುದಿಲ್ಲ, ಹೋಗದಿದ್ದರೆ ಇನ್ನಷ್ಟು ಬಿಗಿಯುತ್ತದೆ. ಕುಡಿಸುವ ಮೊದಲು ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಕೈಯಿಂದ ಸ್ವಲ್ಪ ಹಿಂಡಿ ತೊಟ್ಟಿನ ಸುತ್ತಲಿನ ಭಾಗವನ್ನು ಮೆತ್ತಗೆ ಮಾಡಿಕೊಂಡು, ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ ಇಡಬೇಕು ಎಂಬುದನ್ನು ಆ ರಾತ್ರಿ ಯಾರಾದರೂ ಹೇಳಿದ್ದರೆ ಬಹಳ ಉಪಕಾರವಾಗುತ್ತಿತ್ತು. ಹೇಳಿದವರಿಲ್ಲ. ಐದನೆಯ ದಿನ ಮನೆಗೆ ಕಳುಹಿಸುವಾಗ ಮಗು 2 ಕಿಲೋ 670 ಗ್ರಾಂ ಇತ್ತು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ನೂರಕ್ಕೆ ಏಳರಿಂದ ಹತ್ತರವರೆಗೆ ಇಳಿಯುವುದುಂಟು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ ಎಂಬ ವಿವರವನ್ನೂ ಹೇಳಲಿಲ್ಲ. ಹೀಗಾಗಿ ತೂಕ ಇಳಿದಿದೆ ಎಂಬ ಸುದ್ದಿಯೊಂದೇ ಮನೆಗೆ ಬಂತು.

ಅಲ್ಲಿಂದ ಮುಂದಿನ ನಾಲ್ಕು ದಿನಗಳನ್ನು ನಾನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ತೊಟ್ಟುಗಳು ಸೀಳಿ ರಕ್ತ ಬಂತು. ಮಗು ಎದೆಗೆ ಹಾಕಿದಾಗಲೆಲ್ಲ ಎರಡು ನಿಮಿಷ ಚೀಪಿ ಅಳುತ್ತಿತ್ತು, ನಾನು ಅದರೊಂದಿಗೆ ಅಳುತ್ತಿದ್ದೆ. ಬಾಣಂತಿಯನ್ನು ನೋಡಲು ಬಂದವರು ಮಗುವಿನ ಮುಖ ನೋಡುವ ಮೊದಲು ನನ್ನ ಎದೆ ನೋಡಿ ಅಭಿಪ್ರಾಯ ಹೇಳುತ್ತಿದ್ದರು. ಎದೆಯ ಗಾತ್ರಕ್ಕೂ ಹಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲ. ಗಾತ್ರವನ್ನು ಹೆಚ್ಚಾಗಿ ನಿರ್ಧರಿಸುವುದು ಕೊಬ್ಬು, ಹಾಲನ್ನು ತಯಾರಿಸುವುದು ಗ್ರಂಥಿಗಳು. ಆದರೆ ಪಕ್ಕದ ಮನೆಯವರಿಗೆ ಇದನ್ನು ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ. ಆರನೆಯ ದಿನ ಅಮ್ಮ ಗಾಬರಿಯಾಗಿ ಅಪ್ಪನಿಂದ ಡಬ್ಬಿ ಹಾಲು ತರಿಸಿದರು. ರಾತ್ರಿ ಎರಡು ಗಂಟೆಗೆ ನೀರು ಕಾಯಿಸಿ ಬೆರೆಸುವಾಗ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿದೆ. ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಅದರ ಮೇಲೆಯೇ ಮುದ್ರಿಸಿತ್ತು. ಹಾಗೆ ಮುದ್ರಿಸುವುದು ಕಡ್ಡಾಯ. 1992ರ ಕಾನೂನು ಮತ್ತು ಅದರ 2003ರ ತಿದ್ದುಪಡಿಯ ಪ್ರಕಾರ ನಮ್ಮ ದೇಶದಲ್ಲಿ ಡಬ್ಬಿ ಹಾಲಿಗಾಗಲೀ ಹಾಲೂಡಿಸುವ ಬಾಟಲಿಗಾಗಲೀ ಜಾಹೀರಾತು ಮಾಡುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಆ ರಾತ್ರಿಯಲ್ಲಿ ಆ ಸಾಲು ನನಗೆ ಬುದ್ಧಿವಾದದಂತೆ ಕೇಳಿಸದೆ ಚುಚ್ಚಿದಂತೆ ಕೇಳಿಸಿತು.

ಏಳನೆಯ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಮೂರನೆಯ ದಿನ ನಾನಿನ್ನೂ ಆಸ್ಪತ್ರೆಯಲ್ಲಿದ್ದೆ. ಮಗುವನ್ನು ಜೋಳಿಗೆಯಲ್ಲಿ ಹಾಕಿ ತೂಗುವ ಅವರ ತಕ್ಕಡಿ ಸಣ್ಣ ವ್ಯತ್ಯಾಸಗಳನ್ನು ತೋರಿಸುವಂಥದ್ದಲ್ಲ. ಆದರೂ ಮುಳ್ಳು ನಿಂತ ಜಾಗ ಅವರಿಗೆ ಸಮಾಧಾನ ತರಲಿಲ್ಲ. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ನಿನ್ನೆಯಿಂದ ಇವತ್ತಿನವರೆಗೆ ಎಷ್ಟು ಬಟ್ಟೆ ಒದ್ದೆ ಮಾಡಿದೆ ಟೀಚರಮ್ಮ?’ ಗಣಿತದ ಶಿಕ್ಷಕಿಗೆ ಉತ್ತರ ಗೊತ್ತಿರಲಿಲ್ಲ. ಅಮ್ಮ ಮೂರು ಎಂದರು, ಅಜ್ಜಿ ನಾಲ್ಕಿರಬಹುದು ಎಂದರು. ಐದಾರು ದಿನ ಕಳೆದ ಮಗು ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಬಟ್ಟೆ ಒದ್ದೆ ಮಾಡಬೇಕು, ಮೂತ್ರ ತಿಳಿಯಾಗಿರಬೇಕು, ಮೊದಲ ದಿನಗಳ ಕಪ್ಪು ಮಲ ಹೋಗಿ ಹಳದಿಗೆ ತಿರುಗಿರಬೇಕು ಎಂದು ಅವರು ಹೇಳಿದರು. ಎರಡು ದಿನ ಬರೆದಿಟ್ಟು ಒಂಬತ್ತನೆಯ ದಿನ ತಾಲ್ಲೂಕು ಆಸ್ಪತ್ರೆಗೆ ಬನ್ನಿ, ಮಗು ಮಂಪರಾಗಿ ಎಬ್ಬಿಸಿದರೂ ಏಳದಿದ್ದರೆ ಅಲ್ಲಿಯವರೆಗೆ ಕಾಯಬೇಡಿ, ಆ ಕ್ಷಣವೇ ಹೊರಡಿ ಎಂದರು. ಪುಸ್ತಕದ ಮೊದಲ ಪುಟ ಅಂದೇ ಬರೆದದ್ದು.

ಒಂಬತ್ತನೆಯ ದಿನ ತಾಲ್ಲೂಕು ಆಸ್ಪತ್ರೆಯ ಎಲೆಕ್ಟ್ರಾನಿಕ್ ತಕ್ಕಡಿ 2 ಕಿಲೋ 630 ಗ್ರಾಂ ತೋರಿಸಿತು. ವೈದ್ಯರು ಮಗುವನ್ನು ಪರೀಕ್ಷಿಸಿ ಬೇರೆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು, ನನ್ನನ್ನು ಬಾಣಂತಿಯರ ವಾರ್ಡಿನ ಹಿರಿಯ ಸಿಸ್ಟರ್ ಬಳಿ ಕಳುಹಿಸಿದರು. ಆ ಮಧ್ಯಾಹ್ನ ಒಂದೂವರೆ ಗಂಟೆ ಅವರು ನನ್ನ ಜೊತೆ ಕುಳಿತರು. ನನ್ನ ಬಾಣಂತನದ ದಿಕ್ಕು ತಿರುಗಿದ್ದು ಅಲ್ಲಿ. ಆದ್ದರಿಂದ ಅವರು ಕಲಿಸಿದ್ದನ್ನು ನಿಧಾನವಾಗಿ ಬರೆಯುತ್ತೇನೆ.

ಮೊದಲಿಗೆ ಏನನ್ನೂ ಹೇಳದೆ, ‘ನೀವು ಹೇಗೆ ಕುಡಿಸುತ್ತೀರೋ ಹಾಗೆ ಕುಡಿಸಿ, ನಾನು ನೋಡುತ್ತೇನೆ’ ಎಂದರು. ನಾನು ಹೊಲಿಗೆಯ ನೋವಿನಿಂದ ಮುಂದಕ್ಕೆ ಬಾಗಿ, ಎರಡು ಬೆರಳಿನ ನಡುವೆ ತೊಟ್ಟನ್ನು ಹಿಡಿದು, ಬಿಗಿಯಾಗಿ ಬಟ್ಟೆ ಸುತ್ತಿದ್ದ ಮಗುವಿನ ಬಾಯಿಗೆ ಅದನ್ನು ತುರುಕಿದೆ. ಮಗುವಿನ ಮುಖ ನನ್ನ ಕಡೆಗಿತ್ತು, ಹೊಟ್ಟೆ ಮಾಡಿನ ಕಡೆಗಿತ್ತು. ‘ನೀವು ಕುತ್ತಿಗೆ ಒಂದು ಕಡೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡಿಯಿರಿ ನೋಡೋಣ’ ಎಂದರು ಸಿಸ್ಟರ್. ನಾನು ಪ್ರಯತ್ನಿಸಿದೆ, ಗುಟುಕು ಇಳಿಯಲಿಲ್ಲ. ಮಗುವಿನ ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಬೇಕು, ಅದರ ಹೊಟ್ಟೆ ನನ್ನ ಮೈಗೆ ತಾಗಿರಬೇಕು ಎಂಬುದು ಮೊದಲ ಪಾಠವಾಯಿತು.

ಸುತ್ತಿದ ಬಟ್ಟೆಯನ್ನು ಬಿಚ್ಚಿಸಿದರು. ನನ್ನ ಬೆನ್ನಿನ ಹಿಂದೆ ಎರಡು ದಿಂಬು ಕೊಟ್ಟು ಒರಗಿಸಿದರು. ತೊಡೆಯ ಮೇಲೆ ಮಲಗಿಸಿಕೊಂಡರೆ ಹೊಲಿಗೆಗೆ ತಾಗುತ್ತದೆಂದು, ಹೆಂಗಸರು ಬಿಂದಿಗೆಯನ್ನು ಸೊಂಟದ ಬದಿಗೆ ಒತ್ತಿ ಹಿಡಿಯುವ ಹಾಗೆ ಮಗುವನ್ನು ಕಂಕುಳ ಕೆಳಗೆ ತೆಗೆದುಕೊಳ್ಳುವುದನ್ನು ಕಲಿಸಿದರು. ಅದರ ಕಾಲುಗಳು ನನ್ನ ಬೆನ್ನಿನ ಕಡೆಗೆ, ಬೆನ್ನು ನನ್ನ ಮುಂಗೈ ಮೇಲೆ, ಕುತ್ತಿಗೆಯ ಬುಡ ನನ್ನ ಅಂಗೈಯಲ್ಲಿ. ತಲೆಯ ಹಿಂಭಾಗವನ್ನು ಒತ್ತಬಾರದು, ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ದೂರದಲ್ಲಿ. ಆಮೇಲೆ ತೊಟ್ಟನ್ನು ಮಗುವಿನ ಬಾಯಿಗಲ್ಲ, ಮೂಗಿಗೆ ನೇರವಾಗಿ ಹಿಡಿದು ಮೇಲ್ದುಟಿಗೆ ಸವರಿಸಿದರು. ಮಗು ಆಕಳಿಸುವಂತೆ ಅಗಲವಾಗಿ ಬಾಯಿ ತೆರೆಯಿತು. ‘ಈಗ! ಮೊಲೆಯನ್ನು ಮಗುವಿನ ಹತ್ತಿರ ಒಯ್ಯಬೇಡಿ, ಮಗುವನ್ನು ಮೊಲೆಯ ಹತ್ತಿರ ತನ್ನಿ’ ಎಂದು ನನ್ನ ಮೊಣಕೈಯನ್ನು ಮೆಲ್ಲಗೆ ತಳ್ಳಿದರು. ಗದ್ದ ಎದೆಗೆ ಒತ್ತಿತು, ಕೆಳದುಟಿ ಹೊರಕ್ಕೆ ಮಡಿಚಿಕೊಂಡಿತು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಸ್ವಲ್ಪ ಕಾಣುತ್ತಿತ್ತು, ಕೆಳಗೆ ಕಾಣುತ್ತಿರಲಿಲ್ಲ. ಮೊದಲ ಕೆಲವು ಕ್ಷಣ ಜುಮ್ಮೆಂದದ್ದು ಬಿಟ್ಟರೆ ನೋವಿರಲಿಲ್ಲ. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ನೋವಿರಲಿಲ್ಲ.

ಮಗು ಬೇಗ ಬೇಗ ನಾಲ್ಕಾರು ಸಲ ಚೀಪಿ, ಆಮೇಲೆ ನಿಧಾನವಾದ ಆಳವಾದ ಎಳೆತಗಳಿಗೆ ಬಂದಿತು. ಗದ್ದ ಕೆಳಗಿಳಿದು ಒಂದು ಕ್ಷಣ ನಿಂತಾಗ ‘ಕ್ಕ’ ಎಂಬ ಸಣ್ಣ ಸದ್ದು. ‘ಆ ಸದ್ದೇ ಗುಟುಕು, ಇಷ್ಟು ದಿನ ಇದು ಚೀಪುತ್ತಿತ್ತು, ಕುಡಿಯುತ್ತಿರಲಿಲ್ಲ’ ಎಂದರು ಸಿಸ್ಟರ್. ನೋವಾದರೆ ಸಹಿಸಿಕೊಂಡು ಕೂರಬೇಡಿ, ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಿಂದ ಒಳಗೆ ಸರಿಸಿ ಹಿಡಿತ ಬಿಡಿಸಿ ಮತ್ತೆ ಹಿಡಿಸಿ, ಹತ್ತು ಸಲ ಬೇಕಾದರೂ ಹಿಡಿಸಿ ಎಂದರು. ಬಾಯಿಂದ ಹೊರಬಂದ ತೊಟ್ಟು ದುಂಡಗಿದ್ದರೆ ಹಿಡಿತ ಸರಿಯಾಗಿದೆ, ಒಂದು ಬದಿಗೆ ಚಪ್ಪಟೆಯಾಗಿದ್ದರೆ ಸರಿಯಿಲ್ಲ ಎಂಬ ಗುರುತನ್ನೂ ಹೇಳಿಕೊಟ್ಟರು. ಸೀಳಿದ ತೊಟ್ಟಿಗೆ ಕುಡಿಸಿದ ಮೇಲೆ ಒಂದೆರಡು ಹನಿ ಅದೇ ಹಾಲನ್ನು ಸವರಿ ಗಾಳಿಗೆ ಒಣಗಲು ಬಿಡಬೇಕು, ಪ್ರತಿ ಸಲ ಸೋಪು ಹಾಕಿ ತೊಳೆಯಬಾರದು. ಐದು ದಿನದಲ್ಲಿ ಗಾಯ ಮಾಯಿತು. ಮುಲಾಮಿನ ಅಗತ್ಯ ನನಗೆ ಬೀಳಲಿಲ್ಲ.

ಡಬ್ಬಿ ಹಾಲನ್ನು ಅವರು ಬೈಯಲಿಲ್ಲ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತುಂಬುತ್ತದೆ, ರಾತ್ರಿ ಎರಡು ಸಲ ಡಬ್ಬಿ ಹಾಲು ಕೊಟ್ಟು ನೀವು ಮಲಗಿದರೆ ಆ ಎರಡು ಸಲದ ಹಾಲು ಬೇಡವೆಂದು ದೇಹ ಲೆಕ್ಕ ಹಾಕುತ್ತದೆ ಎಂದರು. ಅದರಲ್ಲೂ ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೊತ್ತು ಹೆಚ್ಚು ಇರುತ್ತದೆ, ಆದ್ದರಿಂದ ರಾತ್ರಿಯ ಹಾಲೂಡಿಕೆಯನ್ನು ಬಿಡಲೇಬಾರದು. ತೂಕ ಏರುವವರೆಗೆ ಎರಡು ಎರಡೂವರೆ ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿಯಾದರೂ ಕುಡಿಸಬೇಕು, ಕುಡಿಸಿದ ಮೇಲೆ ಉಳಿದದ್ದನ್ನು ಕೈಯಿಂದ ಹಿಂಡಿ, ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಕೊಡಬೇಕು, ವೈದ್ಯರು ಹೇಳಿದ ಕ್ರಮದಲ್ಲಿ ಡಬ್ಬಿ ಹಾಲನ್ನು ಇಳಿಸುತ್ತಾ ಬರಬೇಕು ಎಂಬ ವ್ಯವಸ್ಥೆ ಮಾಡಿಕೊಟ್ಟರು. ಅಮ್ಮ ಅಟ್ಟದಿಂದ ನಾನು ಕುಡಿದ ಬೆಳ್ಳಿಯ ಒಳಲೆಯನ್ನೇ ಇಳಿಸಿ ತಂದರು. ಬಾಟಲಿಗಿಂತ ಅದನ್ನು ತೊಳೆದು ಕುದಿಸುವುದು ಸುಲಭ. ಆದರೆ ಮೂತಿಯ ಒಳಗೆ ಹಾಲಿನ ಪದರ ನಿಲ್ಲದಂತೆ ನೋಡಿಕೊಳ್ಳಬೇಕು, ಮಗುವನ್ನು ಮಲಗಿಸಿ ಸುರಿಯದೆ ತಲೆಯೆತ್ತಿ ಹಿಡಿದು, ಅದು ನುಂಗಿದ ಮೇಲಷ್ಟೇ ಇನ್ನೊಂದು ಗುಟುಕು ಬಿಡಬೇಕು. ಹದಿಮೂರನೆಯ ದಿನ ಡಬ್ಬಿ ಹಾಲು ನಿಂತಿತು.

ಪುಸ್ತಕದಲ್ಲಿ ಆ ದಿನಗಳ ಪುಟಗಳು ತುಂಬಿಹೋಗಿವೆ. ಎಂಟನೆಯ ದಿನ ನಾಲ್ಕು ಗೆರೆ, ಹತ್ತನೆಯ ದಿನ ಐದು, ಹನ್ನೆರಡನೆಯ ದಿನ ಏಳು. ಹಾಲು ಕುಡಿದದ್ದು ದಿನಕ್ಕೆ ಹತ್ತು ಸಲ, ಕೆಲವು ದಿನ ಹನ್ನೆರಡು. 14ನೆಯ ದಿನ ಅದೇ ತಕ್ಕಡಿಯಲ್ಲಿ 2 ಕಿಲೋ 780 ಗ್ರಾಂ, 21ನೆಯ ದಿನ 2 ಕಿಲೋ 990 ಗ್ರಾಂ. ದಿನಕ್ಕೆ ಮೂವತ್ತು ಗ್ರಾಂ. ಈ ವಯಸ್ಸಿಗೆ ಅದು ಚೆನ್ನಾದ ಏರಿಕೆ ಎಂದರು ವೈದ್ಯರು. ಎರಡು ವಾರಕ್ಕೆ ಮರಳಬೇಕಾದ ತೂಕ ಮೂರನೆಯ ವಾರದಲ್ಲಿ ಮರಳಿತ್ತು. ಆ ಸಂಖ್ಯೆಯನ್ನು ನಾನು ಎರಡು ಸಲ ವೃತ್ತ ಹಾಕಿ ಬರೆದಿದ್ದೇನೆ. ಆಮೇಲೂ ಮಗು ಅಳುತ್ತಿತ್ತು, ವಿಶೇಷವಾಗಿ ಸಂಜೆ ಆರರಿಂದ ಒಂಬತ್ತರವರೆಗೆ, ಹತ್ತು ನಿಮಿಷಕ್ಕೊಮ್ಮೆ ಎದೆ ಬೇಕೆಂದು. ಮೂರನೆಯ ವಾರದಲ್ಲಿ ಮತ್ತು ಆರನೆಯ ವಾರದಲ್ಲಿ ಅದು ಇಡೀ ದಿನ ಹೀಗೆಯೇ ಮಾಡಿತು. ಮತ್ತೆ ‘ಸಾಲ್ತಿಲ್ಲ’ ಎಂಬ ಮಾತು ಬಂತು. ಆಗ ನಾನು ಪುಸ್ತಕ ತೆರೆದು ಗೆರೆ ಎಣಿಸಿದೆ, ಎಂಟಿದ್ದವು. ಬೆಳವಣಿಗೆಯ ಓಟದಲ್ಲಿರುವ ಮಗು ಹೀಗೆ ಮೇಲಿಂದ ಮೇಲೆ ಕುಡಿದು ಮುಂದಿನ ದಿನಗಳ ಹಾಲನ್ನು ಹೆಚ್ಚಿಸಿಕೊಳ್ಳುತ್ತದೆ, ಎರಡು ಮೂರು ದಿನದಲ್ಲಿ ತಾನಾಗಿ ತಗ್ಗುತ್ತದೆ. ತಗ್ಗಿತು.

ಊಟದ ವಿಷಯದಲ್ಲಿ ನಮ್ಮ ಮನೆಯವರು ಕಡಿಮೆ ಮಾಡಲಿಲ್ಲ. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಕೊಬ್ಬರಿ ಬೆಲ್ಲ ಹಾಕಿದ ಅಂಟಿನುಂಡೆ, ರಾತ್ರಿ ಮಲಗುವಾಗ ಗಸಗಸೆ ಹಾಲು. ತಿಪಟೂರಿನ ಸೀಮೆಯಲ್ಲಿ ಕೊಬ್ಬರಿಗೇನು ಬರ. ಇವುಗಳಲ್ಲಿ ಯಾವುದು ಹಾಲನ್ನು ನಿಜವಾಗಿ ಹೆಚ್ಚಿಸುತ್ತದೆ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು, ಅದು ರುಚಿಯಾಗಿ ಬಿಸಿಯಾಗಿ ಯಾರಾದರೂ ಕೈಗೆ ತಂದುಕೊಟ್ಟರೆ ಆಕೆ ಉಣ್ಣುತ್ತಾಳೆ ಎಂಬುದಷ್ಟೇ ನನಗೆ ಸಾಕು. ನಾನು ಜಗಳವಾಡಿದ್ದು ನೀರಿಗಾಗಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಎರಡು ಲೋಟ ಅಳೆದು ಕೊಡುತ್ತಿದ್ದರು. ಫೆಬ್ರುವರಿಯ ಬಿಸಿಲು, ಅಗ್ಗಿಷ್ಟಿಕೆಯ ಕಾವು, ಮೈಯೆಲ್ಲ ಬೆವರು. ಕೊನೆಗೆ ನನ್ನ ಗಂಡ ವಾರಕ್ಕೊಮ್ಮೆ ಬಂದಾಗ ಒಂದು ತಂಬಿಗೆ ಬಿಸಿನೀರನ್ನು ನನ್ನ ದಿಂಬಿನ ಪಕ್ಕ ಇಟ್ಟು, ಪ್ರತಿ ಸಲ ಕುಡಿಸಲು ಕುಳಿತಾಗ ಒಂದು ಲೋಟ ಎಂಬ ಪದ್ಧತಿ ಮಾಡಿದರು. ಮಗುವಿಗೆ ಮಾತ್ರ ಆರು ತಿಂಗಳವರೆಗೆ ನೀರು ಬೇಕಾಗಿರಲಿಲ್ಲ, ಏಪ್ರಿಲ್ ಬಿಸಿಲಿನಲ್ಲೂ. ಎದೆ ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಭಾಗ ನೀರೇ ಇರುತ್ತದೆ. ವೈದ್ಯರು ಬರೆದುಕೊಟ್ಟ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿಯನ್ನು ಬಿಟ್ಟರೆ ಮಗುವಿನ ಬಾಯಿಗೆ ಬೇರೇನೂ ಹೋಗಲಿಲ್ಲ.

ಅಜ್ಜಿಯ ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಬಂದವರೆಲ್ಲ ನನ್ನ ಮುಂದೆ ಕುಳಿತು ಮಾತನಾಡುವಾಗ ಹಾಲು ಬರುತ್ತಿರಲಿಲ್ಲ, ಅವರು ಹೋದ ಮೇಲೆ ಬರುತ್ತಿತ್ತು. ‘ಹೊಸಬರು ಕೊಟ್ಟಿಗೆಗೆ ಬಂದ್ರೆ ಹಸು ತೊರೆ ಬಿಡಲ್ಲ, ಹಂಗೇ ಇದು’ ಎಂದು ಅವರು ಬಾಗಿಲಿಗೆ ಅಡ್ಡ ಕುಳಿತರು. ಹಾಲನ್ನು ಹೊರಕ್ಕೆ ತಳ್ಳುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆದರಿಕೆಯಲ್ಲಿ, ನೋವಿನಲ್ಲಿ, ಸಂಕೋಚದಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ಅವರು ಕೊಟ್ಟಿಗೆಯಲ್ಲೇ ಕಲಿತಿದ್ದರು.

45ನೆಯ ಪುಟ ಖಾಲಿಯಿದೆ. ಅಂದು ನಾಮಕರಣ. ಬೆಳಗಿನಿಂದ ಸೀರೆ, ಒಡವೆ, ಹೋಮದ ಹೊಗೆ, ಇನ್ನೂರು ಜನ. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ನಿದ್ದೆ ಮಾಡಿತು, ಆರು ಗಂಟೆ ಕಾಲ ನಾನು ಕುಡಿಸಲಿಲ್ಲ, ಬಿಗಿಯಾದ ರವಿಕೆಯೊಳಗೆ ಎದೆ ಕಟ್ಟಿಕೊಂಡದ್ದು ಗಮನಕ್ಕೆ ಬಂದರೂ ಎದ್ದು ಹೋಗಲು ಸಂಕೋಚಪಟ್ಟೆ. ಮರುದಿನ ಎಡಬದಿಯಲ್ಲಿ ಅಂಗೈಯಗಲ ಕೆಂಪಾಗಿ, ಗಡ್ಡೆಯಂತಾಗಿ, ಚಳಿಯೊಂದಿಗೆ 102 ಡಿಗ್ರಿ ಜ್ವರ ಬಂತು. ಇದೇ ಮೊಲೆಬಾವು. ಕೆಟ್ಟ ಹಾಲು, ಆ ಬದಿ ಕುಡಿಸಬೇಡ ಎಂದು ಮನೆಯವರು ಹೇಳಿದರು. ವೈದ್ಯರು ಇದಕ್ಕೆ ನೇರ ವಿರುದ್ಧವಾಗಿ, ಆ ಬದಿಯಲ್ಲೂ ಎಂದಿನಂತೆ ಕುಡಿಸಿ, ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ, ನಿಲ್ಲಿಸಿದರೆ ಕೀವು ಕಟ್ಟುವ ಸಂಭವವಿದೆ ಎಂದರು. ಹಾಲೂಡಿಸುವವರು ತೆಗೆದುಕೊಳ್ಳಬಹುದಾದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಎರಡನೆಯ ದಿನ ಜ್ವರ ಇಳಿದರೂ ಕೋರ್ಸ್ ಪೂರ್ತಿ ಮಾಡಿದೆ. ಜ್ವರ ಬಂದ ದಿನವೇ ವೈದ್ಯರ ಬಳಿ ಹೋದದ್ದು ಒಳ್ಳೆಯದಾಯಿತು. ಬಂಧುವೊಬ್ಬರು ಎದೆಗೆ ಮಲ್ಲಿಗೆ ಮೊಗ್ಗು ಕಟ್ಟಿದರೆ ಬಿಗಿತ ಇಳಿಯುತ್ತದೆ ಎಂದಾಗ ಅಜ್ಜಿ ಅವರ ಮೇಲೆ ಹರಿಹಾಯ್ದರು, ಏಕೆಂದರೆ ನಮ್ಮ ಕಡೆ ಮಲ್ಲಿಗೆ ಕಟ್ಟುತ್ತಿದ್ದದ್ದು ಕೂಸು ಕಳೆದುಕೊಂಡವಳ ಹಾಲನ್ನು ಬತ್ತಿಸಲು.

ಎಲ್ಲರ ಕಥೆಯೂ ನನ್ನದರಂತೆ ತಿರುಗುವುದಿಲ್ಲ ಎಂಬುದು ನನಗೆ ತಿಳಿದಿದೆ. ನನ್ನ ದೊಡ್ಡಮ್ಮನ ಮಗಳಿಗೆ ಒಂದು ಕಾಯಿಲೆಗೆ ಕೊಡುತ್ತಿದ್ದ ಔಷಧಿಯಿಂದಾಗಿ ಹಾಲೂಡಿಸಬಾರದೆಂದು ವೈದ್ಯರು ಹೇಳಿದರು. ಅವಳು ಡಬ್ಬಿ ಹಾಲನ್ನು ಕುದಿಸಿದ ನೀರಿನಲ್ಲಿ, ಅಳತೆ ತಪ್ಪದೆ ಬೆರೆಸಿ ಬೆಳೆಸಿದ ಹುಡುಗ ಈಗ ಒಂದನೆಯ ತರಗತಿಯಲ್ಲಿದ್ದಾನೆ. ಅವಳ ಮುಂದೆ ಅಮೃತ, ಮಮತೆ ಎಂದೆಲ್ಲ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸರ್ಕಾರಿ ನೌಕರಳಾದ್ದರಿಂದ ನನಗೆ 180 ದಿನಗಳ ಹೆರಿಗೆ ರಜೆ ಸಿಕ್ಕಿತು. ಆರು ತಿಂಗಳು ಎದೆ ಹಾಲೊಂದನ್ನೇ ಕೊಡಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೂ ಆ ರಜೆಗೂ ಲೆಕ್ಕ ಹೊಂದುತ್ತದೆ. ಜುಲೈನಲ್ಲಿ ಶಾಲೆಗೆ ಹೋಗುವ ಮೂರು ವಾರ ಮೊದಲೇ ಹಾಲು ಹಿಂಡಿಡುವ ಅಭ್ಯಾಸ ಆರಂಭಿಸಿದೆ. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಬೆರಳುಗಳನ್ನು ಕೂಡಿಸಬೇಕು. ಚರ್ಮದ ಮೇಲೆ ಬೆರಳನ್ನು ಜಾರಿಸಿ ಎಳೆದರೆ ಉರಿಯುತ್ತದೆ, ಹಾಲು ಬರುವುದಿಲ್ಲ. ಮೊದಲ ದಿನ ಬಟ್ಟಲಿನ ತಳ ಒದ್ದೆಯಾಗುವಷ್ಟು ಬಂತು, ಎರಡು ವಾರದಲ್ಲಿ ಅರ್ಧ ಲೋಟವಾಯಿತು. ಕುದಿಸಿದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟ ಹಾಲನ್ನು ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಬಳಸುತ್ತಿದ್ದೆವು. ಫ್ರಿಜ್ಜಿನಲ್ಲಿ, ಬಾಗಿಲಿನ ಕಪಾಟಿನಲ್ಲಲ್ಲದೆ ಹಿಂಭಾಗದಲ್ಲಿ, ಇಟ್ಟದ್ದನ್ನು ಒಂದು ದಿನದೊಳಗೆ. ಹಾಗಿಟ್ಟ ಹಾಲಿನಲ್ಲಿ ಕೆನೆ ಮೇಲಕ್ಕೆ ಬಂದು ನೀರು ಕೆಳಗಿಳಿದಿರುವುದನ್ನು ಕಂಡು ಅತ್ತೆ ಒಡೆದಿದೆ ಎಂದು ಒಮ್ಮೆ ಚೆಲ್ಲಿಬಿಟ್ಟರು. ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತಿತ್ತು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಇಟ್ಟರೆ ಸಾಕು.

ಶಾಲೆಯಲ್ಲಿ ಇದಕ್ಕೆಂದು ಕೋಣೆಯಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಲು ಎರಡು ದಿನ ಹಿಂಜರಿದೆ. ಕೇಳಿದಾಗ ಅವರು ಪ್ರಯೋಗಾಲಯದ ಪಕ್ಕದ ಸಾಮಾನು ಕೋಣೆಯ ಬೀಗದ ಕೈ ಕೊಟ್ಟು, ಊಟದ ಬಿಡುವಿಗೆ ಅಂಟಿಕೊಂಡ ಒಂದು ಪಿರಿಯಡ್ ಅನ್ನು ಬಿಡುವಾಗಿಸಿದರು. ಅಷ್ಟೇ. ಅಸ್ಥಿಪಂಜರದ ಮಾದರಿಯ ಎದುರು ಸ್ಟೂಲಿನ ಮೇಲೆ ಕುಳಿತು, ಮೊಬೈಲಿನಲ್ಲಿ ಮಗಳ ಚಿತ್ರ ನೋಡುತ್ತಾ ಹಿಂಡುತ್ತಿದ್ದೆ. ಚಿತ್ರ ನೋಡಿದರೆ ಹಾಲು ಬೇಗ ತೊರೆಯುತ್ತಿತ್ತು. ಆರು ತಿಂಗಳಿಗೆ ರಾಗಿ ಸರಿ ಆರಂಭವಾದ ಮೇಲೆ ಹಗಲಿನ ಭಾರ ಇಳಿಯಿತು. ಹತ್ತನೆಯ ತಿಂಗಳಲ್ಲಿ ಹಲ್ಲು ಬಂದು ಕಚ್ಚಿದಾಗ ಕೂಗಿದರೆ ಅವಳಿಗೆ ನಗು ಬರುತ್ತಿತ್ತು. ಏನೂ ಹೇಳದೆ ಬೆರಳು ಹಾಕಿ ಬಿಡಿಸಿ ಕೆಳಗೆ ಕೂರಿಸಿದರೆ ಮೂರು ದಿನದಲ್ಲಿ ಕಚ್ಚುವುದು ನಿಂತಿತು. ಈಗ ಅವಳಿಗೆ ಒಂದೂವರೆ ವರ್ಷ, ಬೆಳಿಗ್ಗೆ ಮತ್ತು ಮಲಗುವಾಗ ಕುಡಿಯುತ್ತಾಳೆ.

ಕಳೆದ ತಿಂಗಳು ನನ್ನ ನಾದಿನಿಗೆ ಹೆರಿಗೆಯಾಯಿತು. ಅವಳು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. 26 ವಾರಗಳ ರಜೆ, ಐವತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ ಕೂಸಿನ ಮನೆ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಕೆಯ ಬಿಡುವು ಕಾನೂನಿನಲ್ಲಿದೆ ಎಂದು ನಾನು ಅವಳಿಗೆ ಬರೆದು ಕಳುಹಿಸಿದ್ದೇನೆ; ಲೈನಿನಲ್ಲಿ ಕುಳಿತವಳು ಮೇಲ್ವಿಚಾರಕರ ಮುಂದೆ ಎದ್ದು ಅದನ್ನು ಕೇಳಬೇಕಾದ ದಿನಕ್ಕೆ ಇನ್ನೂ ಐದು ತಿಂಗಳಿದೆ. ಸದ್ಯಕ್ಕೆ ಅವಳ ಚಿಂತೆ ಬೇರೆ. ಆರನೆಯ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಅತ್ತಿಗೆ, ನಂಗೆ ಹಾಲು ಸಾಲ್ತಿಲ್ಲ ಅಂತಾರೆ ಎಲ್ಲ’ ಎಂದು ಅತ್ತಳು. ಎಷ್ಟು ಬಟ್ಟೆ ಒದ್ದೆಯಾಯಿತು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಪುಸ್ತಕದ ಎರಡು ಪುಟಗಳ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಮಗು ಹಿಡಿದಿರುವುದನ್ನು ವೀಡಿಯೊ ಕರೆಯಲ್ಲಿ ತೋರಿಸು ಎಂದೆ. ಗದ್ದ ತಾಗಿರಲಿಲ್ಲ. ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಹೋಗಿ ಸಿಸ್ಟರ್ ಮುಂದೆ ಕುಡಿಸು ಎಂದು ಹೇಳಿ, ಅವಳು ಬಿಡಿಸಿ, ಹಿಡಿಸಿ, ಬಿಡಿಸಿ, ಹಿಡಿಸುವುದನ್ನು ಮುಕ್ಕಾಲು ಗಂಟೆ ನೋಡುತ್ತಾ ಕುಳಿತೆ. ನಾಲ್ಕು ದಿನದ ಮೇಲೆ ಸಂದೇಶ ಬಂತು: ‘ಅತ್ತಿಗೆ, ಇವತ್ತು ಏಳು.’